ಇಲ್ಲದ ಯಂತ್ರದ ವೇಷ

ಗಣಕದ ಮುಂದೆ ಕುಳಿತು, ಕರಿಯ ಕಿಟಕಿಯೊಂದನ್ನು ತೆರೆದು, ಅಲ್ಲಿ ಮಿನುಗುತ್ತಿರುವ ಕರ್ಸರಿನ ಪಕ್ಕದಲ್ಲಿ ಎರಡು ಮೂರು ಅಕ್ಷರಗಳ ಆಜ್ಞೆಯೊಂದನ್ನು ಬರೆದು, ಎಂಟರ್ ಕೀಲಿಯನ್ನೊತ್ತಿ, ಕೆಳಗೆ ಸಾಲುಸಾಲಾಗಿ ಇಳಿದುಬರುವ ಉತ್ತರವನ್ನು ಓದಿಕೊಳ್ಳುವುದನ್ನೇ ಉಪಜೀವನವನ್ನಾಗಿ ಮಾಡಿಕೊಂಡ ಕನ್ನಡಿಗರು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಬಹು ಮಂದಿ ಇದ್ದಾರೆ. ಡಾಲಸ್ಸಿನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನ ಕನ್ನಡ ವೃಂದ, ಆಸ್ಟಿನ್ನಿನ ಕನ್ನಡ ಸಂಘ ಇವುಗಳಲ್ಲಿ ಯಾವುದರ ಯುಗಾದಿ ಊಟದ ಪಂಕ್ತಿಯಲ್ಲಿ ಕುಳಿತರೂ ಎಡಕ್ಕೊಬ್ಬರು ಬಲಕ್ಕೊಬ್ಬರು ತಂತ್ರಾಂಶದವರೇ ಸಿಕ್ಕುತ್ತಾರೆ. ಆದರೆ ಆ ಕರಿಯ ಕಿಟಕಿ ಎಂದರೇನು, ಅದರಲ್ಲಿ ಬರೆದ ಆಜ್ಞೆಯನ್ನು ಓದಿ ಅರ್ಥಮಾಡಿಕೊಳ್ಳತಕ್ಕವರು ಯಾರು, ಇಬ್ಬರೂ ಒಬ್ಬರೇ ಏನು ಎಂದು ಪ್ರಶ್ನಿಸಿದರೆ, ನಿತ್ಯವೂ ಅದರೊಡನೆ ಒಡನಾಡುವವರೂ ಕ್ಷಣಕಾಲ ತಡೆದು, ‘ಎಲ್ಲ ಒಂದೇ’ ಎಂದುಬಿಡುವುದು ಅಪರೂಪವಲ್ಲ.

ಒಂದೇ ಅಲ್ಲ, ಅಲ್ಲಿರುವವರು ಇಬ್ಬರು. ಶೆಲ್ ಎಂಬುದು ಒಂದು ಸಾಲನ್ನು ಓದಿ, ಅದನ್ನು ಪದಗಳಾಗಿ ಬಿಡಿಸಿ, ತಕ್ಕ ಪ್ರೋಗ್ರಾಮನ್ನು ಹುಡುಕಿ ಓಡಿಸುವ ಪ್ರೋಗ್ರಾಮು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಅಕ್ಷರಗಳ ಆಕಾರದ ಗೊಡವೆಯಿಲ್ಲ. ಒಂದು ಕಡೆಯಿಂದ ಬೈಟುಗಳು ಬರುತ್ತವೆ, ಇನ್ನೊಂದು ಕಡೆಗೆ ಹೋಗುತ್ತವೆ ಎಂಬಷ್ಟೇ ಅದರ ಲೋಕಜ್ಞಾನ. ಟರ್ಮಿನಲ್ ಎಂಬುದಾದರೋ ಒತ್ತಿದ ಕೀಲಿಯನ್ನು ಬೈಟುಗಳನ್ನಾಗಿ ಮಾಡಿ ಕಳುಹಿಸುವುದಕ್ಕೂ, ಬಂದ ಬೈಟುಗಳನ್ನು ಅಕ್ಷರಗಳನ್ನಾಗಿ ಬಿಡಿಸಿ ತೋರಿಸುವುದಕ್ಕೂ ಇರತಕ್ಕದ್ದು. ಆಜ್ಞೆಯ ಅರ್ಥದೊಡನೆ ಅದಕ್ಕೆ ಯಾವ ಸಂಬಂಧವೂ ಇಲ್ಲ. ಶೆಲ್ಲಿನ ವಂಶಾವಳಿ ಪ್ರಸಿದ್ಧವಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು: ಆ ಹೆಸರನ್ನಿಟ್ಟವರು 1960ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪೂಜಾಂ, ಯೂನಿಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಗೆ ಮೊದಲ ಶೆಲ್ಲನ್ನು 1971ರಲ್ಲಿ ಬರೆದವರು ಕೆನ್ ಥಾಂಪ್ಸನ್, 1979ರ ಯೂನಿಕ್ಸಿನೊಡನೆ ಬಂದದ್ದು ಸ್ಟೀವನ್ ಬೋರ್ನರ ಶೆಲ್, ಇಂದು ಎಲ್ಲೆಲ್ಲೂ ಕಾಣುವ ಬ್ಯಾಷ್ 1989ರಲ್ಲಿ ಬ್ರಯನ್ ಫಾಕ್ಸರು ಹೊರತಂದದ್ದು. ಟರ್ಮಿನಲ್ಲಿನ ಕಥೆ ಅಷ್ಟು ಪ್ರಸಿದ್ಧವಲ್ಲ, ಮತ್ತು ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಈ ಟೆಕ್ಸಾಸಿನಲ್ಲೇ.

ಮೊದಲು ಟರ್ಮಿನಲ್ ಎಂದರೆ ಕೈಯಿಂದ ಮುಟ್ಟಬಹುದಾದ ಯಂತ್ರವಾಗಿತ್ತು. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬುದು ಸೆಕೆಂಡಿಗೆ 10 ಅಕ್ಷರಗಳಂತೆ, ಸಾಲಿಗೆ 72 ಅಕ್ಷರಗಳಂತೆ, ಕಾಗದದ ಸುರುಳಿಯ ಮೇಲೆ ಸದ್ದುಮಾಡುತ್ತ ಮುದ್ರಿಸುತ್ತಿತ್ತು. 1968ರಲ್ಲಿ ಫಿಲ್ ರೇ ಮತ್ತು ಗಸ್ ರೋಷ್ ಎಂಬಿಬ್ಬರು ಎಂಜಿನಿಯರುಗಳು ಆಸ್ಟಿನ್ನಿನ ದಕ್ಷಿಣಕ್ಕಿರುವ ಸ್ಯಾನ್ ಆಂಟೋನಿಯೋ ನಗರದಲ್ಲಿ ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅದಕ್ಕೆ ಡೇಟಾಪಾಯಿಂಟ್ ಎಂಬ ಹೆಸರಾಯಿತು. ಅವರ ಮೊದಲ ಸರಕಾದ ಡೇಟಾಪಾಯಿಂಟ್ 3300ರಲ್ಲಿ ಕಾಗದವಿಲ್ಲ. ಗಾಜಿನ ಪರದೆಯ ಮೇಲೆ 25 ಸಾಲು, ಸಾಲಿಗೆ 72 ಅಕ್ಷರ. ಗಾಜಿನ ಮೇಲೆ ಎಷ್ಟು ಅಕ್ಷರಗಳನ್ನಾದರೂ ಮೂಡಿಸಬಹುದಾಗಿರುವಾಗ ಟೆಲಿಟೈಪಿನದೇ ಆದ ಆ 72 ಏಕೆ ಎಂದರೆ, ಟೆಲಿಟೈಪ್ ಇದ್ದ ಜಾಗದಲ್ಲಿ ಇದನ್ನು ತಂದಿಟ್ಟರೆ ತಂತಿಯ ಆ ತುದಿಯಲ್ಲಿದ್ದ ಗಣಕಕ್ಕೆ ವ್ಯತ್ಯಾಸ ತಿಳಿಯಬಾರದು ಎಂಬುದೇ ಅದನ್ನು ಕಟ್ಟಿದವರ ಉದ್ದೇಶವಾಗಿತ್ತು. ಹೊಸ ಯಂತ್ರವು ಹಳೆಯ ಯಂತ್ರದ ವೇಷವನ್ನು ಧರಿಸಿ, ಅದರ ಮಾತನ್ನೇ ಆಡಿ, ಎದುರಿನವನನ್ನು ನಂಬಿಸುವ ಈ ಸಂಪ್ರದಾಯ ಇಂದಿಗೂ ಮುಗಿದಿಲ್ಲ.

ಅದೇ ಸಂಸ್ಥೆಯ ಎರಡನೆಯ ಯಂತ್ರವಾದ ಡೇಟಾಪಾಯಿಂಟ್ 2200, 1970ರಲ್ಲಿ ಪ್ರಕಟವಾಯಿತು. ಒಂದೊಂದು ಬಗೆಯ ದೊಡ್ಡ ಗಣಕಕ್ಕೆ ಒಂದೊಂದು ಬಗೆಯ ಟರ್ಮಿನಲ್ ಬೇಕಾಗುತ್ತಿದ್ದ ಕಾಲದಲ್ಲಿ, ಕ್ಯಾಸೆಟ್ ಟೇಪಿನಿಂದ ಪ್ರೋಗ್ರಾಮೊಂದನ್ನು ತುಂಬಿಸಿದರೆ ಬೇಕಾದ ಟರ್ಮಿನಲ್ಲಿನಂತೆ ನಟಿಸಬಲ್ಲ ಒಂದೇ ಪೆಟ್ಟಿಗೆಯನ್ನು ಮಾಡಬೇಕೆಂಬ ಯೋಚನೆ ಅದರ ಹಿಂದಿತ್ತು. ಟರ್ಮಿನಲ್ ಎಂಬುದು ಯಂತ್ರದ ಅವಸ್ಥೆಯನ್ನು ಬಿಟ್ಟು ಪ್ರೋಗ್ರಾಮಿನ ಅವಸ್ಥೆಗೆ ಹೊರಳಿದ್ದು ಇಲ್ಲಿಂದ ಎನ್ನುವುದು ಅತಿಶಯೋಕ್ತಿಯಾಗಲಾರದು. ವಿಕ್ಟರ್ ಪೂರ್ ಮತ್ತು ಹ್ಯಾರಿ ಪೈಲ್ ರೂಪಿಸಿದ ಅದರ ಆಜ್ಞಾಸಮುಚ್ಚಯವನ್ನು ಒಂದೇ ಚಿಪ್ಪಿನೊಳಗೆ ಅಡಕಮಾಡಿಕೊಡಬೇಕೆಂದು ಇಂಟೆಲ್ಲನ್ನು ಕೇಳಲಾಯಿತು. ಡಾಲಸ್ಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯೂ ತನ್ನದೊಂದು ಚಿಪ್ಪನ್ನು 1971ರಲ್ಲಿ ಮಾಡಿ ತೋರಿಸಿತು. ಡೇಟಾಪಾಯಿಂಟಿನವರು ಕಡೆಗೆ ಎರಡನ್ನೂ ಬೇಡವೆಂದು, ಸಣ್ಣ ಸಣ್ಣ ಚಿಪ್ಪುಗಳನ್ನು ಜೋಡಿಸಿಯೇ ತಮ್ಮ ಯಂತ್ರವನ್ನು ಕಟ್ಟಿ ಮಾರಿದರು. ಇಂಟೆಲ್ ತನ್ನ ಪಾಲಿನದನ್ನು 1972ರಲ್ಲಿ 8008 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಅದರ ಸಂತಾನವೇ 8080, ಅದರ ಮುಂದಿನದೇ 8086, ಇಂದಿನ ಬಹುಪಾಲು ಮೇಜಿನ ಗಣಕಗಳ ಚಿಪ್ಪುಗಳು ಅದೇ ವಂಶದವು. ಎರಡು ಬೈಟುಗಳ ಸಂಖ್ಯೆಯನ್ನು ಬರೆದಿಡುವಾಗ ಕಿರಿಯ ಬೈಟನ್ನು ಮೊದಲಿಡುವ ಈ ಚಿಪ್ಪುಗಳ ಪದ್ಧತಿಯೂ, ಒಂದೊಂದೇ ಬಿಟ್ಟಾಗಿ ಕಿರಿಯ ಸ್ಥಾನದಿಂದ ಎಣಿಸಿಕೊಂಡು ಹೋಗುತ್ತಿದ್ದ ಆ ಟೆಕ್ಸಾಸ್ ಟರ್ಮಿನಲ್ಲಿನಿಂದಲೇ ಬಂದದ್ದು. ಬೇಡವೆಂದು ಕೈಬಿಟ್ಟ ವಸ್ತುವೊಂದು ಇಷ್ಟು ದೊಡ್ಡ ಸಂಸಾರವನ್ನು ಹೂಡಿದ ಉದಾಹರಣೆ ಕೈಗಾರಿಕೆಯ ಇತಿಹಾಸದಲ್ಲಿ ಹೆಚ್ಚಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನವರು ಆ ಚಿಪ್ಪಿನಲ್ಲಿ ಸೋತರೂ ಟರ್ಮಿನಲ್ ವ್ಯಾಪಾರದಲ್ಲಿ ಸೋಲಲಿಲ್ಲ. ಅವರ ಸೈಲೆಂಟ್ 700 ಎಂಬ ಸರಣಿ ಬಿಸಿಗೆ ಬಣ್ಣ ತಿರುಗುವ ಕಾಗದದ ಮೇಲೆ ಸದ್ದಿಲ್ಲದೆ, ಸೆಕೆಂಡಿಗೆ 30 ಅಕ್ಷರಗಳಂತೆ ಮುದ್ರಿಸುತ್ತಿತ್ತು. ಕೈಯಲ್ಲಿ ಹಿಡಿದು ಸಾಗಿಸಬಹುದಾದ ಮಾದರಿಗಳ ಬೆನ್ನಿನಲ್ಲಿ ಎರಡು ರಬ್ಬರ್ ಬಟ್ಟಲುಗಳಿದ್ದು, ಟೆಲಿಫೋನಿನ ರಿಸೀವರನ್ನು ಅವುಗಳಲ್ಲಿ ಒತ್ತಿ ಕೂರಿಸಿದರೆ ದೂರದ ಗಣಕದೊಡನೆ ಸಂಭಾಷಣೆ ಆರಂಭವಾಗುತ್ತಿತ್ತು. ರಿಸೀವರನ್ನು ಎತ್ತಿ ತೂಗುಹಾಕಿದರೆ ಸಂಬಂಧ ಕಡಿಯಿತು. ಆಗ ಆ ತುದಿಯ ಗಣಕವು, ಈ ತಂತಿಯನ್ನು ನಂಬಿಕೊಂಡು ಓಡುತ್ತಿದ್ದ ಪ್ರೋಗ್ರಾಮುಗಳಿಗೆಲ್ಲ ‘ಹ್ಯಾಂಗಪ್’ ಎಂಬ ಸಂಕೇತವನ್ನು ಕಳುಹಿಸಿ ಅವುಗಳನ್ನು ಮುಕ್ತಾಯಗೊಳಿಸುತ್ತಿತ್ತು. ಇಂದು ಆಸ್ಟಿನ್ನಿನ ಯಾವುದೋ ಕಚೇರಿಯಲ್ಲಿ ಒಬ್ಬಾತ ಮೌಸಿನಿಂದ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದಾಗ ಶೆಲ್ಲಿಗೆ ಹೋಗುವುದೂ ಅದೇ ಸಂಕೇತವೇ.

ಈಗ ಅಂಥ ಕಿಟಕಿಯೊಂದನ್ನು ನಾವೇ ಕಟ್ಟಲು ಹೊರಟೆವೆಂದು ಇಟ್ಟುಕೊಳ್ಳೋಣ. ಸಿ ಭಾಷೆಯನ್ನು ಬಲ್ಲ ವಿದ್ಯಾರ್ಥಿಗೆ ಇದು ಅಸಾಧ್ಯವಾದ ಕೆಲಸವೇನಲ್ಲ; ಕೆಲವು ನೂರು ಸಾಲುಗಳಲ್ಲಿ ಉಪಯೋಗಕ್ಕೆ ಬರುವ ಒಂದು ಟರ್ಮಿನಲ್ ಸಿದ್ಧವಾಗುತ್ತದೆ. ಮೊದಲ ತೊಡಕು ಏನೆಂದರೆ, ಶೆಲ್ ಮೊದಲಾದ ಪ್ರೋಗ್ರಾಮುಗಳು ತಮ್ಮ ಎದುರಿಗೆ ನಿಜವಾದ ಟರ್ಮಿನಲ್ ಯಂತ್ರವಿದೆಯೇ ಎಂದು ಪರೀಕ್ಷಿಸಿ ನೋಡುತ್ತವೆ; ಇಲ್ಲವೆಂದು ಗೊತ್ತಾದರೆ ಬ್ಯಾಷ್ ಆಜ್ಞೆಯನ್ನು ಕೇಳುವ ತನ್ನ ಪ್ರಾಂಪ್ಟನ್ನೇ ತೋರಿಸುವುದಿಲ್ಲ, ಬೇರೆ ಎಷ್ಟೋ ಪ್ರೋಗ್ರಾಮುಗಳು ಬಣ್ಣ ಹಚ್ಚುವುದನ್ನು ನಿಲ್ಲಿಸುತ್ತವೆ. ಆದಕಾರಣ ಕೇವಲ ಒಂದು ಕೊಳವೆಯನ್ನು ಜೋಡಿಸಿದರೆ ಸಾಲದು. ಇದಕ್ಕಾಗಿಯೇ ಯೂನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಹುಸಿ ಟರ್ಮಿನಲ್ ಎಂಬ ಸೌಕರ್ಯವುಂಟು. 1983ರ ಬರ್ಕ್‌ಲಿ ಯೂನಿಕ್ಸ್ 4.2ರಿಂದ ಅದು ವ್ಯಾಪಕವಾಗಿ ಬಳಕೆಗೆ ಬಂತು. ಪಾಸಿಕ್ಸ್ ಓಪನ್ ಪಿಟಿ ಎಂಬ ಕರೆಯನ್ನು ಮಾಡಿದರೆ ವ್ಯವಸ್ಥೆಯ ತಿರುಳಾದ ಕರ್ನಲ್ ಎರಡು ತುದಿಗಳ ಒಂದು ಜೋಡಿಯನ್ನು ಹುಟ್ಟಿಸಿ, ಒಡೆಯನ ತುದಿ ಎನಿಸಿಕೊಳ್ಳುವುದನ್ನು ನಮ್ಮ ಕೈಗೆ ಕೊಡುತ್ತದೆ. ಇನ್ನೊಂದು ತುದಿ ಲಿನಕ್ಸಿನಲ್ಲಿ ‘ಡೆವ್’ ಕೋಶದ ಕೆಳಗಿರುವ ‘ಪಿಟಿಎಸ್’ ಕೋಶದಲ್ಲಿ 0, 1, 2 ಎಂಬಂಥ ಅಂಕಿಯ ಹೆಸರು ಹೊತ್ತು, ಸಾಕ್ಷಾತ್ ಟೆಲಿಟೈಪೇ ಅಲ್ಲಿ ಕುಳಿತಿದೆಯೋ ಎಂಬಂತೆ ವರ್ತಿಸುತ್ತದೆ.

ಅನಂತರದ ಕೆಲಸ ಶೆಲ್ಲನ್ನು ಆ ಎರಡನೆಯ ತುದಿಯಲ್ಲಿ ಕೂರಿಸುವುದು. ನಮ್ಮ ಪ್ರೋಗ್ರಾಮು ಫೋರ್ಕ್ ಎಂಬ ಕರೆಯಿಂದ ತನ್ನ ಪ್ರತಿಯೊಂದನ್ನು ಮಾಡಿಕೊಳ್ಳುತ್ತದೆ. ಆ ಮರಿ ಪ್ರೊಸೆಸ್ ಸೆಟ್‌ಸಿಡ್ ಎಂಬ ಕರೆಯಿಂದ ತಾಯಿಯ ಅಧಿವೇಶನವನ್ನು ಬಿಟ್ಟು ತನ್ನದೇ ಆದ ಹೊಸ ಅಧಿವೇಶನವನ್ನು ಆರಂಭಿಸಿ, ಹುಸಿ ಟರ್ಮಿನಲ್ಲನ್ನು ತನ್ನ ನಿಯಾಮಕ ಟರ್ಮಿನಲ್ಲಾಗಿ ಅಂಗೀಕರಿಸಿ, ಅದನ್ನೇ ತನ್ನ ಒಳಬರುವ, ಹೊರಹೋಗುವ, ದೋಷ ವರದಿಮಾಡುವ ಮೂರೂ ದಾರಿಗಳಿಗೆ ತಗುಲಿಸಿಕೊಂಡು, ಕಡೆಗೆ ಎಕ್ಸೆಕ್ ಎಂಬ ಕರೆಯಿಂದ ತನ್ನ ರೂಪವನ್ನೇ ತ್ಯಜಿಸಿ ಶೆಲ್ ಆಗಿಬಿಡುತ್ತದೆ. ಇವುಗಳಲ್ಲಿ ಯಾವ ಮೆಟ್ಟಿಲನ್ನು ದಾಟಿಹೋದರೂ ಫಲ ಕೂಡಲೆ ಕಾಣಿಸುತ್ತದೆ: ನಿಯಾಮಕ ಟರ್ಮಿನಲ್ಲನ್ನು ಅಂಗೀಕರಿಸುವುದು ಬಿಟ್ಟುಹೋದರೆ, ಈ ಶೆಲ್ಲಿನಲ್ಲಿ ಜಾಬ್ ಕಂಟ್ರೋಲ್ ಇಲ್ಲವೆಂದು ಬ್ಯಾಷ್ ಮೊದಲಿಗೇ ಗೊಣಗುತ್ತದೆ, ಕಂಟ್ರೋಲ್-ಸಿ ಒತ್ತಿದರೆ ಏನೂ ನಿಲ್ಲುವುದಿಲ್ಲ. ತಾಯಿ ಪ್ರೊಸೆಸ್ ಶೆಲ್ಲಿನ ತುದಿಯ ತನ್ನ ಪ್ರತಿಯನ್ನು ಮುಚ್ಚದೆ ಉಳಿಸಿಕೊಂಡರಂತೂ ಶೆಲ್ ತೀರಿಹೋದ ಸುದ್ದಿಯೇ ಕಿಟಕಿಗೆ ಮುಟ್ಟದೆ, ಅದು ಬಾರದ ಬೈಟಿಗಾಗಿ ಕಾಯುತ್ತ ಕುಳಿತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಅತ್ಯಂತ ರಸವತ್ತಾದ ಪಾತ್ರ ಶೆಲ್ಲೂ ಅಲ್ಲ, ಟರ್ಮಿನಲ್ಲೂ ಅಲ್ಲ; ಅವೆರಡರ ನಡುವೆ ಕರ್ನಲ್ಲಿನೊಳಗೆ ಅಡಗಿ ಕುಳಿತು, ಹೋಗಿಬರುವ ಬೈಟುಗಳನ್ನೆಲ್ಲ ಪರಾಂಬರಿಸುವ ಲೈನ್ ಡಿಸಿಪ್ಲಿನ್ ಎಂಬ ಮಧ್ಯಸ್ಥ. ಹಳೆಯ ಮೈಸೂರಿನ ಅಮಲ್ದಾರರ ಕಚೇರಿಯ ಶಿರಸ್ತೇದಾರನನ್ನು ಬಲ್ಲವರಿಗೆ ಇವನ ಪರಿಚಯ ಕಷ್ಟವಾಗದು. ರೈತನು ಅಹವಾಲನ್ನು ಹೇಳುತ್ತಿರುವಷ್ಟು ಹೊತ್ತು ಶಿರಸ್ತೇದಾರನು ಬರೆದುಕೊಳ್ಳುತ್ತಾನೆ. ಬರೆದುಕೊಂಡುದನ್ನು ರೈತನಿಗೇ ಮತ್ತೆ ಓದಿ ಹೇಳುತ್ತಾನೆ. ತಪ್ಪಿದ್ದರೆ ಹೊಡೆದುಹಾಕಿ ತಿದ್ದಿಕೊಳ್ಳುತ್ತಾನೆ. ಕೆಳಗೆ ರುಜು ಬಿದ್ದ ಮೇಲಲ್ಲದೆ ಆ ಕಾಗದ ಅಮಲ್ದಾರರ ಮೇಜನ್ನು ಸೇರಲಾರದು.

ನಾವು ಎಲ್, ಎಸ್ ಎಂಬ ಎರಡು ಅಕ್ಷರಗಳನ್ನು ಒತ್ತಿ ಎಂಟರ್ ಒತ್ತಿದೆವೆನ್ನಿ. ಕಿಟಕಿಯು 108, 115, 13 ಎಂಬ ಮೂರು ಬೈಟುಗಳನ್ನು ಒಡೆಯನ ತುದಿಗೆ ಹಾಕುತ್ತದೆ. ಒತ್ತಿದ ಅಕ್ಷರಗಳನ್ನು ಪರದೆಯ ಮೇಲೆ ಬರೆದುದು ಕಿಟಕಿಯೇ ಎಂದು ಯಾರಾದರೂ ಭಾವಿಸಿದರೆ ಅದು ಭ್ರಾಂತಿ: ಕಿಟಕಿ ಅವುಗಳನ್ನು ಕಳುಹಿಸಿ ಸುಮ್ಮನಿರುತ್ತದೆ, ಮಧ್ಯಸ್ಥನು ಅವನ್ನು ಮರುದನಿಯಾಗಿ ಹಿಂದಿರುಗಿಸುತ್ತಾನೆ, ಹಾಗೆ ಹಿಂದಿರುಗಿ ಬಂದುದನ್ನೇ ಕಿಟಕಿ ಬಿಡಿಸುತ್ತದೆ. ಗುಪ್ತಪದವನ್ನು ಬರೆಯುವಾಗ ಪರದೆಯ ಮೇಲೆ ಏನೂ ಮೂಡದಿರುವುದು, ಮರುದನಿಯನ್ನು ನಿಲ್ಲಿಸೆಂದು ಪ್ರೋಗ್ರಾಮು ಮಧ್ಯಸ್ಥನಿಗೆ ಹೇಳಿರುವುದರಿಂದ. 13 ಎಂಬ ಕೊನೆಯ ಬೈಟು ಟೆಲಿಟೈಪಿನ ಮುದ್ರಣಶಿರವನ್ನು ಸಾಲಿನ ಆದಿಗೆ ಎಳೆಯುವ ಆಜ್ಞೆ. ಮಧ್ಯಸ್ಥನು ಅದನ್ನು ಯೂನಿಕ್ಸಿನ ಸಾಲುಕೊನೆಯ ಗುರುತಾದ 10ಕ್ಕೆ ಬದಲಾಯಿಸಿ ಒಳಗೆ ಕಳುಹಿಸುತ್ತಾನೆ. ಉತ್ತರ ಬರುವಾಗ ಇದರ ವಿಪರ್ಯಯ: ಪ್ರೋಗ್ರಾಮು ಕೊಟ್ಟ ಒಂದು 10ರ ಬದಲಿಗೆ 13, 10 ಎಂಬ ಎರಡು ಬೈಟುಗಳು ಹೊರಬೀಳುತ್ತವೆ, ಏಕೆಂದರೆ ಟೆಲಿಟೈಪಿನಲ್ಲಿ ಶಿರವನ್ನು ಹಿಂದಕ್ಕೆಳೆಯುವುದೂ ಕಾಗದವನ್ನು ಮೇಲೇರಿಸುವುದೂ ಎರಡು ಬೇರೆ ಕ್ರಿಯೆಗಳಾಗಿದ್ದವು. ಈ ಪರಿವರ್ತನೆಯನ್ನು ನಿಲ್ಲಿಸಿ ನೋಡಿದರೆ ಪರದೆಯ ಮೇಲಿನ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತ ಇಳಿಯುತ್ತವೆ. ಇನ್ನು ಕಂಟ್ರೋಲ್-ಸಿ ಎಂಬುದು 3 ಎಂಬ ಬೈಟು ಮಾತ್ರ, ಸಿ ಅಕ್ಷರದ 67ರಲ್ಲಿ 64ನ್ನು ಕಳೆದರೆ ಉಳಿದದ್ದು. ಕಿಟಕಿ ಅದನ್ನು ಬೇರೆ ಅಕ್ಷರಗಳಂತೆಯೇ ಸಾಗಹಾಕುತ್ತದೆ, ಆದರೆ ಮಧ್ಯಸ್ಥನು ಅದನ್ನು ಒಳಕ್ಕೆ ಬಿಡದೆ, ಮುನ್ನೆಲೆಯಲ್ಲಿ ಓಡುತ್ತಿರುವ ಪ್ರೊಸೆಸ್ಸುಗಳಿಗೆ ನಿಲ್ಲಿರೆಂಬ ಸಂಕೇತವನ್ನು ಕೊಡುತ್ತಾನೆ. ಬ್ಯಾಷಿನಂಥ ಇತ್ತೀಚಿನ ಶೆಲ್ಲುಗಳು ಸಾಲನ್ನು ತಾವೇ ತಿದ್ದಿಕೊಳ್ಳಬಯಸುವುದರಿಂದ, ಪ್ರಾಂಪ್ಟ್ ತೋರಿಸಿದ ಗಳಿಗೆಯಲ್ಲಿ ಈ ಮಧ್ಯಸ್ಥನ ಅಧಿಕಾರದ ಬಹುಭಾಗವನ್ನು ಕಿತ್ತುಕೊಂಡು, ಪ್ರೋಗ್ರಾಮನ್ನು ಓಡಿಸುವಾಗ ಮರಳಿ ಕೊಡುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು.

ಹೀಗೆ ಎಲ್ಲವನ್ನೂ ಹೂಡಿದ ಮೇಲೆ ಕಿಟಕಿಯ ಪಾಲಿಗೆ ಉಳಿಯುವುದು ಒಂದು ನಿರಂತರವಾದ ಆವರ್ತನ: ಕೀಲಿಮಣೆಯಲ್ಲಿ ಏನಾದರೂ ಒತ್ತಿದರೋ, ಶೆಲ್ಲಿನ ಕಡೆಯಿಂದ ಏನಾದರೂ ಬಂತೋ ಎಂದು ಎರಡನ್ನೂ ಏಕಕಾಲದಲ್ಲಿ ಕಾಯುವುದು. ಒಂದರ ಬಾಯಿಗೇ ಕಾದು ಕುಳಿತರೆ ಇನ್ನೊಂದು ಕಟ್ಟಿಹೋಗುತ್ತದೆ. ಪೋಲ್ ಎಂಬ ಕರೆ ಇರುವುದೇ ಇದಕ್ಕಾಗಿ. ಕಿಟಕಿಯನ್ನು ಎಳೆದು ಅಗಲಿಸಿದಾಗ ಹೊಸ ಅಳತೆಯನ್ನು ಕರ್ನಲ್ಲಿಗೆ ತಿಳಿಸಬೇಕಾದುದೂ ಕಿಟಕಿಯ ಕರ್ತವ್ಯ. ಟೆಲಿಟೈಪು ಎಂದೂ ಅಗಲವಾಗುತ್ತಿರಲಿಲ್ಲವಾದುದರಿಂದ, ಇದು ಹಳೆಯ ಯಂತ್ರಕ್ಕೆ ಇಲ್ಲದಿದ್ದ ಹೊಸ ಹೊಣೆ.

ಶೆಲ್ಲಿನ ಕಡೆಯಿಂದ ಬರುವುದು ಶುದ್ಧ ಅಕ್ಷರಗಳಷ್ಟೇ ಆಗಿದ್ದರೆ ಟರ್ಮಿನಲ್ ಬರೆಯುವುದು ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು. ಅಕ್ಷರಗಳ ನಡುವೆ ಗುಪ್ತ ಸೂಚನೆಗಳೂ ಬರುತ್ತವೆ. 27 ಎಂಬ ಎಸ್ಕೇಪ್ ಬೈಟು ಬಂತೆಂದರೆ ಮುಂದಿನವು ಬರೆಯತಕ್ಕ ಅಕ್ಷರಗಳಲ್ಲ, ಪಾಲಿಸತಕ್ಕ ಸೂಚನೆಗಳು: 27, 91, 51, 49, 109 ಎಂಬ ಐದು ಬೈಟುಗಳು ‘ಇನ್ನು ಮುಂದೆ ಕೆಂಪಿನಲ್ಲಿ ಬರೆ’ ಎನ್ನುತ್ತವೆ. ಈ ಸೂಚನೆಗಳ ವ್ಯಾಕರಣವನ್ನು ಲೋಕಪ್ರಿಯಗೊಳಿಸಿದ್ದು 1978ರ ವಿಟಿ 100 ಎಂಬ ಟರ್ಮಿನಲ್. ಅದರಲ್ಲಿದ್ದ 24 ಸಾಲು, ಸಾಲಿಗೆ ಅಕ್ಷರವೊಂದಕ್ಕೆ ಒಂದರಂತೆ 80 ಮನೆಗಳ ಚೌಕಟ್ಟೇ ಇಂದಿಗೂ ಎಷ್ಟೋ ಹೊಸ ಕಿಟಕಿಗಳ ಹುಟ್ಟಳತೆ. ಬಣ್ಣಗಳಿಗೆ ಮೊದಲು ಇದ್ದ ಸಂಖ್ಯೆಗಳು 30ರಿಂದ 37ರವರೆಗೆ, ಎಂಟೇ ಬಣ್ಣ. ಐಬಿಎಂ ಸಂಸ್ಥೆ ಆಸ್ಟಿನ್ನಿನಲ್ಲಿ ಬೆಳೆಸಿದ ಎಐಎಕ್ಸ್ ಎಂಬ ಯೂನಿಕ್ಸಿನ ಟರ್ಮಿನಲ್ ಪ್ರೋಗ್ರಾಮಾದ ಎಐಎಕ್ಸ್‌ಟರ್ಮ್, ಉಜ್ಜ್ವಲವಾದ ಇನ್ನೆಂಟು ಬಣ್ಣಗಳಿಗೆ 90ರಿಂದ 97ರವರೆಗಿನ ಸಂಖ್ಯೆಗಳನ್ನು ಬಳಸಿತು; ಉಳಿದ ಟರ್ಮಿನಲ್ಲುಗಳು ಅದನ್ನು ಅನುಸರಿಸಿದವು. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಪರೀಕ್ಷೆಗಳೆಲ್ಲ ತೇರ್ಗಡೆಯಾದುವೆಂದು ಹೊಳೆಯುವ ಹಸಿರಿನಲ್ಲಿ ಸಾಲು ಮೂಡಿದರೆ, ಅದರ ಹಿಂದೆ 92 ಎಂಬ ಆ ಸಂಖ್ಯೆ ಇರುವ ಸಂಭವವುಂಟು.

ಈ ಸೂಚನೆಗಳು ಇಡಿಯಾಗಿ ಬರುತ್ತವೆಂಬ ಭರವಸೆ ಇಲ್ಲದಿರುವುದು ಪ್ರೋಗ್ರಾಮು ಬರೆಯುವವನ ಪಾಲಿನ ಸಂಕಟ. 27, 91 ಇವೆರಡು ಈ ಸಲದ ಓದಿನಲ್ಲಿ ಬಂದು, ಉಳಿದವು ಮುಂದಿನ ಸಲಕ್ಕೆ ಉಳಿಯಬಹುದು. ಆದುದರಿಂದ ಬಂದುದನ್ನು ಒಟ್ಟಾಗಿ ನೋಡಿ ತೀರ್ಮಾನಿಸದೆ, ತಾನು ಈಗ ಸಾಮಾನ್ಯ ಸ್ಥಿತಿಯಲ್ಲಿದ್ದೇನೆಯೇ, ಎಸ್ಕೇಪನ್ನು ಕಂಡ ಸ್ಥಿತಿಯಲ್ಲಿದ್ದೇನೆಯೇ, ಸಂಖ್ಯೆಗಳನ್ನು ಕೂಡಿಸಿಕೊಳ್ಳುತ್ತಿರುವ ಸ್ಥಿತಿಯಲ್ಲಿದ್ದೇನೆಯೇ ಎಂಬುದನ್ನು ನೆನಪಿಟ್ಟುಕೊಂಡು ಒಂದೊಂದೇ ಬೈಟಿಗೆ ಒಂದೊಂದು ಹೆಜ್ಜೆಯಿಡುವ ಯಂತ್ರವೊಂದನ್ನು ರಚಿಸಬೇಕಾಗುತ್ತದೆ. ಟರ್ಮಿನಲ್ಲಿನ ಹೆಚ್ಚುಪಾಲು ಸಾಲುಗಳು ಖರ್ಚಾಗುವುದು ಇಲ್ಲಿಯೇ.

ಟರ್ಮಿನಲ್ಲಿನ ಕಥೆಯಲ್ಲಿ ಇಷ್ಟು ಹೊತ್ತು ಹ್ಯೂಸ್ಟನ್ನಿನ ಮಾತು ಬರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸನ್ನು ಬಿಟ್ಟುಬಂದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೋ ಎಂಬ ಮೂವರು 1982ರಲ್ಲಿ ಅಲ್ಲಿ ಕಾಂಪ್ಯಾಕ್ ಸಂಸ್ಥೆಯನ್ನು ಆರಂಭಿಸಿದರು. ಅವರ ಮೊದಲ ಗಣಕದ ರೇಖಾಚಿತ್ರ ಹೌಸ್ ಆಫ್ ಪೈಸ್ ಎಂಬ ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಬರೆದದ್ದೆಂಬ ಕಥೆ ಊರಿನಲ್ಲಿ ಪ್ರಚುರವಾಗಿದೆ. ಆ ಗಣಕದಲ್ಲಿ ಓಡುತ್ತಿದ್ದದ್ದು ಮೈಕ್ರೋಸಾಫ್ಟಿನ ಡಾಸ್ ಎಂಬ ವ್ಯವಸ್ಥೆ. ಅಲ್ಲಿ ಪರದೆ, ಕೀಲಿಮಣೆ, ಆಜ್ಞೆಯನ್ನು ಓದುವ ಪ್ರೋಗ್ರಾಮು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ಒಬ್ಬನೇ ಬಳಕೆದಾರನಿಗಾಗಿ ಇದ್ದುದರಿಂದ, ನಡುವೆ ತಂತಿಯೂ ಬೇಕಾಗಲಿಲ್ಲ, ತಂತಿಯ ಹುಸಿಯೂ ಬೇಕಾಗಲಿಲ್ಲ. ಅವಸರದ ಪ್ರೋಗ್ರಾಮುಗಳು ಪರದೆಯ ಸ್ಮೃತಿಗೆ ನೇರವಾಗಿಯೇ ಬರೆದುಬಿಡುತ್ತಿದ್ದವು. ಸರಳತೆ ಒಳ್ಳೆಯದೇ. ಆದರೆ ಅದರ ಬೆಲೆಯನ್ನು ಮೈಕ್ರೋಸಾಫ್ಟಿನ ಮುಂದಿನ ತಲೆಮಾರು ತೆರಬೇಕಾಯಿತು: ಹೊರಗಿನವರು ಬರೆದ ಟರ್ಮಿನಲ್ ಕಿಟಕಿಯೊಂದು ವಿಂಡೋಸಿನ ಶೆಲ್ಲನ್ನು ತನ್ನೊಳಗೆ ಕೂರಿಸಿಕೊಳ್ಳಬೇಕಾದರೆ, ಮರೆಯಲ್ಲಿ ಇನ್ನೊಂದು ಕಿಟಕಿಯನ್ನು ತೆರೆದು, ಅದರ ಪರದೆಯನ್ನು ಪದೇಪದೇ ಇಣುಕಿ ನೋಡಿ ನಕಲು ಮಾಡಿಕೊಳ್ಳುವ ವಕ್ರೋಪಾಯವನ್ನು ಅವಲಂಬಿಸಬೇಕಾಗಿತ್ತು. ಕಾನ್‌ಪಿಟಿವೈ ಎಂಬ ನಿಜವಾದ ಹುಸಿ ಟರ್ಮಿನಲ್ ವಿಂಡೋಸಿಗೆ ಬಂದದ್ದು 2018ರಲ್ಲಿ.

ಅದೇ 2018ರಲ್ಲಿ ಡಾಲಸ್ಸಿನಲ್ಲಿ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದ ತಂತ್ರಾಂಶದವರಲ್ಲಿ ಯಾರಾದರೂ ತಮ್ಮ ಕರಿಯ ಕಿಟಕಿಯಲ್ಲಿ ‘ಕನ್ನಡ’ ಎಂದು ಬರೆದು ನೋಡಿದ್ದರೆ, ಈವರೆಗೆ ವರ್ಣಿಸಿದ ವೇಷವು ಎಲ್ಲಿ ಕಳಚುತ್ತದೆಂಬುದನ್ನು ಪ್ರತ್ಯಕ್ಷವಾಗಿ ಕಾಣಬಹುದಾಗಿತ್ತು. ನಮ್ಮ ಲಿಪಿಗೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವುಂಟು. ಯೂನಿಕೋಡ್ ಒಂದೊಂದು ಲಿಪಿಸಂಕೇತಕ್ಕೆ ಕೊಟ್ಟ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯನ್ನು ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ನ್ಯೂ ಜೆರ್ಸಿಯ ಒಂದು ಹೋಟೆಲಿನಲ್ಲಿ, ಇದೂ ತಟ್ಟೆಯ ಕೆಳಗಿನ ಕಾಗದದ ಮೇಲೆಯೇ, ರೂಪಿಸಿದರು. ಈ ಕ್ಷೇತ್ರದ ಚರಿತ್ರೆ ಬರೆಯುವವರು ಹೋಟೆಲುಗಳ ಕಾಗದವನ್ನು ಕಸಕ್ಕೆ ಹಾಕಬಾರದೇನೋ. ಯುಟಿಎಫ್-8ರ ಪ್ರಕಾರ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು: ‘ಕ’ ಎಂದರೆ 224, 178, 149. ‘ಕನ್ನಡ’ ಎಂಬುದರಲ್ಲಿ ಕ, ನ, ಹಲಂತಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳು, 15 ಬೈಟುಗಳು, ಕಣ್ಣಿಗೆ ಮೂರೇ ಅಕ್ಷರ. ಬೈಟುಗಳನ್ನು 1024ರ ಕಂತುಗಳಲ್ಲಿ ಓದುವ ಟರ್ಮಿನಲ್ಲಿಗೆ ಎಡೆಬಿಡದ ಕನ್ನಡವನ್ನು ಸುರಿದರೆ, ಒಂದು ಕಂತು ತುಂಬುವಷ್ಟರಲ್ಲಿ 341 ಸಂಕೇತಗಳು ಹಿಡಿಸಿ ಒಂದು ಬೈಟು ಮಿಗುತ್ತದೆ. ಆ ಮಿಕ್ಕ ಬೈಟನ್ನು ಮುಂದಿನ ಎರಡು ಬರುವವರೆಗೆ ಜೋಪಾನ ಮಾಡದ ಪ್ರೋಗ್ರಾಮು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿಯನ್ನು ಬಿಡಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಗೋಚರಿಸುವುದಿಲ್ಲ.

ಬೈಟುಗಳು ಕೂಡಿಬಂದ ಮೇಲೆ ಮನೆಗಳ ಪ್ರಶ್ನೆ. ಟೆಲಿಟೈಪಿನ ಮುದ್ರಣಶಿರ ಒಂದು ಅಕ್ಷರಕ್ಕೆ ಒಂದು ಮನೆ ಮುಂದಕ್ಕೆ ಸರಿಯುತ್ತಿತ್ತು. ಟರ್ಮಿನಲ್ಲಿನ ಪರದೆ ಈಗಲೂ ಹಾಗೆಯೇ ಎಣಿಸುತ್ತದೆ. ಯಾವ ಸಂಕೇತಕ್ಕೆ ಎಷ್ಟು ಮನೆ ಎಂದು ಹೇಳಲು ಬಹುಕಾಲದಿಂದ ಬಳಕೆಯಲ್ಲಿರುವ, ಮಾರ್ಕಸ್ ಕೂನ್ ಬರೆದ ಸಣ್ಣ ಕ್ರಿಯಾವಿಧಿಯೊಂದಿದೆ. ಅದರ ಲೆಕ್ಕದಲ್ಲಿ ದೀರ್ಘದ ಇಳಿಯಾದ ‘ಾ’ ಒಂದು ಮನೆಯನ್ನು ಪಡೆಯುತ್ತದೆ, ಗುಡಿಸಾದ ‘ಿ’ ಏನನ್ನೂ ಪಡೆಯುವುದಿಲ್ಲ. ಆದಕಾರಣ ‘ಕಾ’ ಎರಡು ಮನೆ, ‘ಕಿ’ ಒಂದು ಮನೆ. ಇನ್ನು ಲಿನಕ್ಸಿನಲ್ಲಿ ಕ್ಯಾಟ್ ಎಂಬ ಪ್ರೋಗ್ರಾಮನ್ನು ಓಡಿಸಿ, ‘ಕಿ’ ಎಂದು ಬರೆದು, ಬ್ಯಾಕ್‌ಸ್ಪೇಸನ್ನು ಒಮ್ಮೆ ಒತ್ತಿ ನೋಡಿ: ನಮ್ಮ ಮಧ್ಯಸ್ಥನು ತನ್ನ ಕಡತದಿಂದ ಗುಡಿಸನ್ನು ಮಾತ್ರ ತೆಗೆದು, ಪರದೆಗಾದರೋ ‘ಒಂದು ಮನೆ ಅಳಿಸು’ ಎಂದು ಹೇಳುತ್ತಾನೆ, ಮನೆಗಳ ಈ ಸೂಕ್ಷ್ಮ ಅವನಿಗೆ ಗೊತ್ತಿಲ್ಲವಾದುದರಿಂದ. ಪರದೆಯ ಮೇಲೆ ಅಕ್ಷರ ಸಮೂಲವಾಗಿ ಮಾಯವಾಗುತ್ತದೆ. ಕಡತದಲ್ಲಿ ‘ಕ’ ಉಳಿದೇ ಇರುತ್ತದೆ. ಎಂಟರ್ ಒತ್ತಿದರೆ ಅಳಿದುಹೋಯಿತೆಂದುಕೊಂಡ ಅಕ್ಷರ ಕೆಳಗಿನ ಸಾಲಿನಲ್ಲಿ ಪ್ರತ್ಯಕ್ಷವಾಗುತ್ತದೆ.

ಒತ್ತಕ್ಷರದ ಗತಿ ಇದಕ್ಕಿಂತ ಕಷ್ಟ. ಮನೆ ಮನೆಯನ್ನೂ ಬೇರೆ ಬೇರೆಯಾಗಿ ಬಿಡಿಸುವ ಸರಳ ಟರ್ಮಿನಲ್ಲು ನಕಾರಕ್ಕೆ ನಕಾರದ ಒತ್ತನ್ನು ಕೊಡದೆ, ಅರ್ಧ ನಕಾರವನ್ನೂ ಇಡೀ ನಕಾರವನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತದೆ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶವನ್ನು ಸೇರಿಸಿಕೊಂಡರೆ ಒತ್ತೇನೋ ಸರಿಯಾಗಿ ಮೂಡುತ್ತದೆ, ಆದರೆ ಯಾವ ಯಾವ ಸಂಕೇತಗಳನ್ನು ಒಂದು ಗುಂಪೆಂದು ಅದರ ಕೈಗೆ ಕೊಡಬೇಕೆಂಬುದನ್ನು ಟರ್ಮಿನಲ್ಲೇ ನಿರ್ಧರಿಸಬೇಕು. ಯೂನಿಕೋಡಿನವರು 2023ರ 15.1ನೆಯ ಆವೃತ್ತಿಯಲ್ಲಿ ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಂದೇ ಗುಂಪಾಗಿ ಹಿಡಿಯುವ ನಿಯಮವೊಂದನ್ನು ಸೇರಿಸಿದರು. ಆ ಆವೃತ್ತಿಯಲ್ಲಿ ಅದು ಅನ್ವಯವಾದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಕನ್ನಡ ಆ ಪಟ್ಟಿಯಲ್ಲಿಲ್ಲ. ಡಾಲಸ್ಸಿನ ಬಡಾವಣೆಗಳಲ್ಲಿ ನಮ್ಮ ನೆರೆಮನೆಯವರಾದ ತೆಲುಗರ ಒತ್ತು ಶಾಸ್ತ್ರೋಕ್ತವಾಗಿ ಒಂದು ಗುಂಪಾಗಿರುವಾಗ, ಅದರ ಸೋದರಿಯಂತಿರುವ ನಮ್ಮ ಲಿಪಿಯ ಒತ್ತು ಅದೇ ಶಾಸ್ತ್ರದ ಪ್ರಕಾರ ಎರಡು ಹೋಳು.

ಆದುದರಿಂದ ಕನ್ನಡಕ್ಕಾಗಿ ಟರ್ಮಿನಲ್ ಬರೆಯುವವರು ಒಂದು ಷರತ್ತನ್ನು ತಾವೇ ಸೇರಿಸಿಕೊಳ್ಳಬೇಕಾಗುತ್ತದೆ: ಯೂನಿಕೋಡಿನಲ್ಲಿ 3221ರಿಂದ 3257ರವರೆಗಿನ ಸಂಖ್ಯೆಗಳುಳ್ಳ ನಮ್ಮ ಎರಡು ವ್ಯಂಜನಗಳ ನಡುವೆ 3277 ಎಂಬ ಹಲಂತಚಿಹ್ನೆ ಬಂದರೆ ಮೂರನ್ನೂ ಕೂಡಿಸಿ ಬಿಡಿಸು ಎಂದು. ಹಾಗೆ ಕೂಡಿಸಿ ‘ಕನ್ನಡ’ವನ್ನು ಕಣ್ಣಿಗೆ ಕಾಣುವಂತೆ ಮೂರು ಮನೆಗಳಲ್ಲಿ ಮುಗಿಸಿಬಿಡೋಣವೆಂಬ ಆಸೆ ಸಹಜವಾದದ್ದು, ಆದರೆ ಆ ತುದಿಯಲ್ಲಿ ಕುಳಿತ ಬ್ಯಾಷಿಗೆ ಪರದೆ ಕಾಣುವುದಿಲ್ಲ, ಅದು ತನ್ನ ಲೆಕ್ಕದಲ್ಲಿ ನಾಲ್ಕು ಮನೆ ಎಣಿಸಿಕೊಂಡಿರುತ್ತದೆ, ಬಾಣದ ಕೀಲಿಯನ್ನು ಒತ್ತಿ ಹಿಂದಕ್ಕೆ ಬಂದು ತಿದ್ದಹೊರಟರೆ ಕರ್ಸರ್ ಒಂದು ಕಡೆ, ತಿದ್ದುಪಡಿ ಇನ್ನೊಂದು ಕಡೆ ಬೀಳುತ್ತದೆ. ಎರಡೂ ಕಡೆಯ ಲೆಕ್ಕ ಒಂದೇ ಆಗುವ ತನಕ, ಒತ್ತಿರುವ ‘ನ್ನ’ವನ್ನು ಎರಡು ಮನೆಗಳ ಅಗಲಕ್ಕೆ ಹಿಗ್ಗಿಸಿ ಕೂರಿಸಿ, ಒಟ್ಟು ನಾಲ್ಕನ್ನೇ ಉಳಿಸಿಕೊಳ್ಳುವುದು ಕ್ಷೇಮ. ಅಕ್ಷರ ತುಸು ಸಡಿಲವಾಗಿ ಕಾಣುತ್ತದೆ, ನಿಜ. ಆದರೆ ಬರೆದ ಆಜ್ಞೆ ಬರೆದಂತೆಯೇ ಶೆಲ್ಲನ್ನು ಮುಟ್ಟುತ್ತದೆ.